ಸರ್ವೆ ನಂಬರ್ ಎಂಬತ್ತೇಳು

ತಾಲೂಕು ಕಚೇರಿಯಿಂದ ಮೂರು ಪೆನ್ಸಿಲ್ ಕೊಟ್ಟು ಕಳಿಸಿದ್ದರು:
ಹಸಿರು ಉಳಿಸುವುದಕ್ಕೆ,
ಹಳದಿ ಉಳುವುದಕ್ಕೆ,
ಕೆಂಪು ಕಟ್ಟುವುದಕ್ಕೆ.
ಉಳಿ, ಉಳು.
ಒಂದಕ್ಕೆ ಗುಡಿಸು, ಒಂದಕ್ಕೆ ಕೊಂಬು,
ಅಷ್ಟೇ ಅಂತರ ಅಂದುಕೊಂಡು
ಸೊರಬದಿಂದ ಬೆಳಗಿನ ಬಸ್ಸು ಹತ್ತಿದೆ.

ನಾನು ಹಿರಿಯೂರಿನ ಕಡೆಯವನು.
ನಮ್ಮಲ್ಲಿ ಗೆರೆ ಎಳೆದರೆ ಎಳೆದಲ್ಲೇ ಬಿದ್ದಿರುತ್ತದೆ.
ಇಲ್ಲಿ ಸರಪಳಿ ಜಾರುತ್ತದೆ,
ಕಲ್ಲು ನೆಟ್ಟರೆ ಮರುವರ್ಷ ಪಾಚಿ ಹೊದ್ದು
ಬೇರೆ ಕಲ್ಲುಗಳ ಜತೆ ಸೇರಿಕೊಳ್ಳುತ್ತದೆ.

ತುಂಬೆಕೊಪ್ಪದ ಪಂಚಾಯ್ತಿ ಹಾಲಿನಲ್ಲಿ
ನೆಲದ ಮೇಲೆ ನೆಲವನ್ನು ಹಾಸಿದೆವು.
ನಾಲ್ಕು ಮೂಲೆಗೆ ಒಂದು ತಂಬಿಗೆ, ಒಂದು ಕತ್ತಿ, ಎರಡು ಮೊಬೈಲು.
ಮೊದಲ ತಾಸು ಸಲೀಸು.
ಗದ್ದೆ ಹಳದಿ.
ಕಾನು ಹಸಿರು. ಅಲ್ಲಿ ಚೌಡಿ ಇದ್ದಾಳೆ,
ಅವಳ ಪಹಣಿ ಯಾರೂ ನೋಡಿಲ್ಲ, ಕೇಳುವ ಧೈರ್ಯವೂ ಇಲ್ಲ.
ರಸ್ತೆ ಪಕ್ಕದ ಹಾಳು ಇಟ್ಟಿಗೆ ಭಟ್ಟಿ ಕೆಂಪು.
ಅದು ಮೊದಲೇ ಕೆಂಪಿತ್ತು, ಪೆನ್ಸಿಲ್ ಸವೆಯಲಿಲ್ಲ.

ಕೊಂಬು ಕಾಣಿಸಿಕೊಂಡದ್ದು ಎಂಬತ್ತೇಳಕ್ಕೆ ಬಂದಾಗ.
ಹದಿನಾಲ್ಕು ಎಕರೆ ಇಪ್ಪತ್ತು ಗುಂಟೆ,
ಕಾನಿನ ಸೆರಗಿನಿಂದ ಗದ್ದೆಯ ಬದುವಿನ ತನಕ.
ಟಾಕಪ್ಪ ಎದ್ದು ನಿಂತ: ಶುಂಠಿಗೆ ಹೇಳಿ ಮಾಡಿಸಿದ ಮಣ್ಣು.
ಗಾರ್ಡು ಬೀರಪ್ಪ: ಕಡತದಲ್ಲಿ ಅದು ಕಾಡು.
ಜುಲೇಖಾಬಿ: ಕಡತ ಇರಲಿ, ವರ್ಷ ವರ್ಷ
ನಮ್ಮ ಅನಾನಸ್ಸು ಲಾರಿ ಕಾಯುತ್ತ ಕೊಳೆಯುತ್ತಿದೆ,
ಸಂಘಕ್ಕೊಂದು ಗೋದಾಮು ಬೇಕು, ಇಲ್ಲೇ ಬೇಕು.
ಮೂರು ಕೈ ಮೂರು ಪೆನ್ಸಿಲಿಗೆ ಚಾಚಿದವು.
ಕಾಗದ ಅಷ್ಟರಲ್ಲೇ ಒಂದು ಕಡೆ ಹರಿದಿತ್ತು.

ಬಾಗಿಲ ಬಳಿ ಉಪ್ಪಾಗೆ ಸಿಪ್ಪೆಯ ಚೀಲ ಇಟ್ಟುಕೊಂಡು
ಕೂತಿದ್ದ ಗುತ್ಯಮ್ಮ ಕೇಳಿದಳು:
"ಇದು ಯಾವ ತಿಂಗಳ ನಕ್ಷೆನಾ, ತಮ?"

ಯಾರೋ ನಕ್ಕರು. ಅವಳು ನಗಲಿಲ್ಲ.
"ಆರಿದ್ರೆ ಮಳೆಗೆ ಅದು ಕೆರೆ.
ಮೊಣಕಾಲುದ್ದ ನೀರು, ಮೀನು ಹತ್ತಿ ಬತ್ತವೆ ಮೊಟ್ಟೆ ಇಡಾಕೆ.
ಭೂಮಿ ಹುಣ್ಣಿಮೆ ಕಳೀತು ಅಂದ್ರೆ ಹುಲ್ಲು, ಊರ ದನ ಅಲ್ಲೇ.
ಪುಷ್ಯದಾಗೆ ಕಣ, ನಿಮ್ಮ ನಿಮ್ಮ ಬಣವೆ ಒಟ್ಟಿದ್ದು ಎಲ್ಲಿ?
ಬ್ಯಾಸಿಗೇಲಿ ಒಂದು ಹೊಂಡ ಉಳೀತದೆ,
ರಾತ್ರಿ ಕಡವೆ ಬತ್ತವೆ ಕುಡಿಯಾಕೆ.
ವರ್ಷಕ್ಕೆ ನಾಕು ಬಾಳುವೆ ಮಾಡೋ ನೆಲ.
ಅದಕ್ಕೊಂದೇ ಸೀರೆ ಉಡಿಸ್ತೀಯೇನಾ?"

ಟಾಕಪ್ಪ ಕೂತ. ಬೀರಪ್ಪ ಟೋಪಿ ತಿರುವಿದ.
"ಹಾಗಾದರೆ ಗೋದಾಮು?" ಜುಲೇಖಾಬಿ ಮಾತ್ರ ಕೂರಲಿಲ್ಲ.
ಎಲ್ಲರ ಕಣ್ಣೂ ಭಟ್ಟಿಯ ಮೇಲೆ ಹೋಯಿತು,
ಅಲ್ಲಿಂದ ಕಂಬಕ್ಕೊರಗಿದ ಭಟ್ಟಿಯ ಯಜಮಾನನ ಮೇಲೆ.
ಅಧ್ಯಕ್ಷರ ಭಾವ. ಎಲೆಯಡಿಕೆ ಒಂದು ದವಡೆಯಿಂದ
ಇನ್ನೊಂದಕ್ಕೆ ದಾಟಿಸಿ, "ನೋಡೋಣ" ಎಂದ.
ಈ ಸೀಮೆಯಲ್ಲಿ ಆ ಪದದ ವಿಸ್ತೀರ್ಣ
ಇನ್ನೂ ಯಾರೂ ಅಳೆದಿಲ್ಲ.

ರಾತ್ರಿ ಕಂಪ್ಯೂಟರ್ ಮುಂದೆ ನಾನು.
ಭೂ ಉಪಯೋಗ: ಒಂದನ್ನು ಮಾತ್ರ ಆರಿಸಿ.
ಖಾಲಿ ಬಿಟ್ಟೆ, ಕೆಂಪಗೆ ಬೈಯಿತು.
ಪಟ್ಟಿಯ ಕೊನೆಗೆ 'ಇತರೆ' ಎಂದಿತ್ತು,
ಸ್ಮಶಾನ, ಬಂಡೆ, ಏನೆಂದು ತಿಳಿಯದ್ದು ಹೋಗಿ ಸೇರುವ ಜಾಗ.
ಒತ್ತಿದೆ.
ಷರಾ ಕಾಲಂನಲ್ಲಿ ಇನ್ನೂರು ಅಕ್ಷರ ಮೀರಬಾರದು.
ಗುತ್ಯಮ್ಮ ಹೇಳಿದ್ದನ್ನೆಲ್ಲ ಆರಿದ್ರೆಯಿಂದ ಶುರುಮಾಡಿ
ಕೆರೆ, ಹುಲ್ಲು, ಕಣ ದಾಟಿ ಬಂದೆ,
"ರಾತ್ರಿ ಕಡವೆ ನೀರು ಕು"
ಅಲ್ಲಿಗೆ ನಿಂತಿತು,
ಬಾಯಿ ನೀರಿಗೆ ತಾಗುವ ಮೊದಲೇ.

ನಾಲ್ಕು ತಿಂಗಳಿಗೆ ಮಂಜೂರಾಗಿ ಬಂತು.
ಎಂಬತ್ತೇಳಕ್ಕೆ ಯಾರೂ ಕೇಳದ ಬೂದು ಬಣ್ಣ.
ಕೊಡೆ ಹಿಡಿದು ತಲುಪಿಸಲು ಹೋದರೆ ಹಾಲಿಗೆ ಬೀಗ,
ಊರೆಲ್ಲ ಬುಟ್ಟಿ, ಕೂಣಿ ಹಿಡಿದು ಆ ಬೂದಿಯೊಳಗೆ
ಮೊಣಕಾಲ ತನಕ ಇಳಿದಿತ್ತು.
ಟಾಕಪ್ಪ ಅಲ್ಲಿಂದಲೇ ಒಂದು ಮೀನು ಎತ್ತಿ ತೋರಿಸಿದ.
ದಾರಿ ಬದಿಗೆ ಅನಾನಸ್ಸು ಕೊಳೆತ ಸಿಹಿ ವಾಸನೆ.

ಮೆಟ್ಟಿಲ ಮೇಲೆ ಜುಲೇಖಾಬಿ ಒಬ್ಬಳೇ.
"ಭಟ್ಟಿಯ ಜಾಗ ಕೆಂಪು ಅಂತಲೇ ಬಂದಿದೆಯಾ?"
ಬಂದಿದೆ ಎಂದೆ.
"ಮೊಹರು?"
ಇದೆ.
ಸೆರಗಿಗೆ ಕೈ ಒರೆಸಿಕೊಂಡು ಎದ್ದಳು:
"ಹಾಗಾದರೆ ನನಗೊಂದು ಜೆರಾಕ್ಸ್ ಕೊಡಿ."